ಕೆಂಪು ಅಂಚಿನ ದುಂಡು ಫಲಕದಲ್ಲಿರುವ ಸಂಖ್ಯೆಯ ಅರ್ಥವೇನು, ಅದು ಎಲ್ಲಿಂದ ಬಂತು?

ತಲಪಾಡಿಯಿಂದ ಕುಂದಾಪುರದ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋಗುವಾಗ ಕಾಣುವ ಕೆಂಪು ಅಂಚಿನ ದುಂಡು ಫಲಕಗಳ ಸಂಖ್ಯೆ ಸಲಹೆಯೋ ಆಜ್ಞೆಯೋ, ಅದನ್ನು ಯಾವ ಲೆಕ್ಕದಲ್ಲಿ ಗೊತ್ತುಮಾಡುತ್ತಾರೆ, ಈ ದುಂಡು ಆಕಾರ ಎಲ್ಲಿಂದ ಬಂತು ಎಂದು ನೀವು ಕೇಳಿದ್ದೀರಿ. ನಾನು ಉಡುಪಿಯಲ್ಲಿ ವಾಹನ ಚಾಲನೆ ಕಲಿಸುವ ಕೆಲಸದಲ್ಲಿದ್ದೇನೆ. ಲೈಸೆನ್ಸ್ ಪರೀಕ್ಷೆಗೆ ಸಿದ್ಧರಾಗುವವರಲ್ಲಿ ಹೆಚ್ಚಿನವರು ಈ ಫಲಕವನ್ನು ತಕ್ಷಣ ಗುರುತಿಸುತ್ತಾರೆ, ಆದರೆ ಅದು ಎಲ್ಲಿಂದ ಎಲ್ಲಿಯವರೆಗೆ ಅನ್ವಯಿಸುತ್ತದೆ, ಯಾಕೆ ಅಲ್ಲಿದೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಅದು ಆಜ್ಞೆ. 1988ರ ಮೋಟಾರು ವಾಹನ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಸಂಚಾರ ಚಿಹ್ನೆಗಳನ್ನು ಕಡ್ಡಾಯ, ಎಚ್ಚರಿಕೆ ಮತ್ತು ಮಾಹಿತಿ ಎಂದು ವಿಂಗಡಿಸಲಾಗಿದ್ದು, ವೇಗಮಿತಿಯ ಫಲಕ ಕಡ್ಡಾಯದ ಗುಂಪಿಗೆ ಸೇರುತ್ತದೆ. ವೇಗದ ಮಿತಿಯನ್ನು ಹೇಳುವುದು ಅದೇ ಕಾಯ್ದೆಯ 112ನೆಯ ಕಲಂ, ಮೀರಿದರೆ ದಂಡ ಹೇಳುವುದು 183ನೆಯ ಕಲಂ. ಫಲಕದಲ್ಲಿರುವುದು ಕಿಲೋಮೀಟರ್ ಲೆಕ್ಕದ ಗರಿಷ್ಠ ವೇಗ. ಅದು ಫಲಕ ನಿಂತಿರುವ ಜಾಗದಿಂದ ಆರಂಭವಾಗಿ ಮುಂದೆ ಬೇರೆ ಸಂಖ್ಯೆಯ ಫಲಕ ಬರುವವರೆಗೆ, ಅಥವಾ ಬಿಳಿ ವೃತ್ತದ ಮೇಲೆ ಓರೆಯಾಗಿ ಕಪ್ಪು ಗೆರೆ ಎಳೆದಿರುವ, ನಿರ್ಬಂಧ ಮುಗಿಯಿತೆಂದು ಸೂಚಿಸುವ ಫಲಕ ಬರುವವರೆಗೆ ಜಾರಿಯಲ್ಲಿರುತ್ತದೆ. ನೀಲಿ ವೃತ್ತದಲ್ಲಿ ಬಿಳಿ ಸಂಖ್ಯೆ ಇದ್ದರೆ ಅರ್ಥ ತಿರುಗುಮುರುಗು: ಅದಕ್ಕಿಂತ ನಿಧಾನವಾಗಿ ಹೋಗಬಾರದು ಎಂದು.

ಇದರ ಮೂಲ ಹುಡುಕುತ್ತಾ ಹೋದರೆ ಇಂಗ್ಲೆಂಡಿನ ಉಗಿಬಂಡಿಗಳ ಕಾಲಕ್ಕೆ ತಲುಪುತ್ತೇವೆ. ಅಲ್ಲಿನ 1861ರ ಕಾಯ್ದೆ ರಸ್ತೆಯ ಮೇಲೆ ಓಡುವ ಉಗಿಯಂತ್ರಗಳಿಗೆ ಗಂಟೆಗೆ 10 ಮೈಲಿ, ಪಟ್ಟಣಗಳಲ್ಲಿ 5 ಮೈಲಿ ಎಂಬ ಮಿತಿ ಹಾಕಿತು. ನಾಲ್ಕೇ ವರ್ಷಗಳಲ್ಲಿ, 1865ರಲ್ಲಿ, ಅದನ್ನು 4 ಮತ್ತು 2 ಮೈಲಿಗೆ ಇಳಿಸಿದ್ದಲ್ಲದೆ, ಯಂತ್ರದ ಮುಂದೆ 60 ಗಜ ದೂರದಲ್ಲಿ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕೆಂದೂ ವಿಧಿಸಿದರು. ಅಂದರೆ ಆಗ ವೇಗಮಿತಿಯನ್ನು ಸಾರುತ್ತಿದ್ದದ್ದು ಫಲಕವಲ್ಲ, ಮುಂದೆ ನಡೆಯುವ ಮನುಷ್ಯ. ಇಡೀ ದೇಶಕ್ಕೆ ಎರಡೇ ಸಂಖ್ಯೆಗಳು ಇದ್ದಾಗ ಅವನ್ನು ರಸ್ತೆಯ ಬದಿಯಲ್ಲಿ ಬರೆದು ನಿಲ್ಲಿಸುವ ಅಗತ್ಯವೂ ಇರಲಿಲ್ಲ. ಆ ಅಗತ್ಯ ಹುಟ್ಟಿದ್ದು 1903ರ ಮೋಟಾರು ಕಾರು ಕಾಯ್ದೆಯಿಂದ ಎಂದು ನಾನು ತಿಳಿಯುತ್ತೇನೆ. ಆ ಕಾಯ್ದೆ ಸಾಮಾನ್ಯ ಮಿತಿಯನ್ನು 20 ಮೈಲಿಗೆ ಏರಿಸಿ, ಕೆಲವು ನಿರ್ದಿಷ್ಟ ಜಾಗಗಳಲ್ಲಿ ಅದನ್ನು 10 ಮೈಲಿಗೆ ಇಳಿಸಲು ಅವಕಾಶ ಕೊಟ್ಟಿತು. ಒಂದು ಊರಿನಲ್ಲಿ ಒಂದು ಮಿತಿ, ಪಕ್ಕದ ಊರಿನಲ್ಲಿ ಇನ್ನೊಂದು ಎಂದಾದ ಮೇಲೆ ಅದನ್ನು ಸ್ಥಳದಲ್ಲಿಯೇ ತಿಳಿಸದೆ ವಿಧಿಯಿಲ್ಲ. ಹೀಗೆ 1904ರಲ್ಲಿ ಬಿಳಿ ಬಳೆಯಾಕಾರದ ಗುರುತು ಮತ್ತು ಅದರ ಕೆಳಗೆ ಅಂಕಿ ಬರೆದ ಹಲಗೆ ಬಂದವು.

ಮುಂದೆ 1930ರಲ್ಲಿ ಬ್ರಿಟನ್ ಕಾರುಗಳ ವೇಗಮಿತಿಯನ್ನೇ ತೆಗೆದುಹಾಕಿತು. 1934ರ ಒಂದೇ ವರ್ಷದಲ್ಲಿ ಅಲ್ಲಿನ ರಸ್ತೆಗಳಲ್ಲಿ 7,343 ಮಂದಿ ಸತ್ತರು. 1935ರ ಮಾರ್ಚ್‌ನಿಂದ ಜನವಸತಿಯ ರಸ್ತೆಗಳಿಗೆ 30 ಮೈಲಿಯ ಮಿತಿ ಮರಳಿ ಬಂತು; ಬೀದಿದೀಪಗಳು 200 ಗಜಕ್ಕಿಂತ ಹೆಚ್ಚು ಅಂತರವಿಲ್ಲದೆ ಸಾಲಾಗಿದ್ದರೆ ಅದು ಜನವಸತಿಯ ರಸ್ತೆ ಎಂದು ಪರಿಗಣಿಸಿದರು. ಕೆಂಪು ಬಳೆಯೊಳಗೆ ಕಪ್ಪು ಅಂಕಿ, ಮಿತಿ ಮುಗಿದಲ್ಲಿ ಓರೆಯ ಕಪ್ಪು ಗೆರೆ, ನಮ್ಮ ಹೆದ್ದಾರಿಯಲ್ಲಿ ಕಾಣುವ ಈ ರೂಪ ಅಲ್ಲಿ ಸ್ಥಿರವಾದದ್ದು ಆಗಲೇ.

ಆಕಾರದ ವಿಚಾರದಲ್ಲಿ ಬ್ರಿಟನ್ ಒಂದೇ ಕಾರಣವಲ್ಲ. 1909ರ ಪ್ಯಾರಿಸ್ ಒಪ್ಪಂದದಲ್ಲಿ ಉಬ್ಬುತಗ್ಗು, ತಿರುವು, ಅಡ್ಡರಸ್ತೆ, ರೈಲ್ವೆ ಗೇಟು ಎಂಬ ನಾಲ್ಕು ಅಪಾಯಸೂಚನೆಗಳಷ್ಟೇ ಇದ್ದವು, ವೇಗಮಿತಿ ಇರಲಿಲ್ಲ. ಅಪಾಯಕ್ಕೆ ತ್ರಿಕೋನ, ಆಜ್ಞೆಗೆ ವೃತ್ತ, ಮಾಹಿತಿಗೆ ಆಯತ ಎಂಬ ವಿಂಗಡಣೆಯನ್ನು ಹಲವು ದೇಶಗಳು ಸೇರಿ ಒಪ್ಪಿದ್ದು 1931ರ ಜಿನೀವಾ ಒಪ್ಪಂದದಲ್ಲಿ. 1968ರ ವಿಯೆನ್ನಾ ಒಪ್ಪಂದ ಅದನ್ನು ಮುಂದುವರಿಸಿತು. ಭಾಷೆ ಬಾರದ ಚಾಲಕನೂ ಆಕಾರ ನೋಡಿಯೇ ಪಾಲಿಸಬೇಕಾದದ್ದು ಯಾವುದು ಎಂದು ತಿಳಿಯಬೇಕೆಂಬುದು ಇದರ ಉದ್ದೇಶ. ಕೇರಳ, ಗೋವಾ, ತಮಿಳುನಾಡಿನ ಲಾರಿಗಳು ಹಗಲಿರುಳು ಓಡುವ ನಮ್ಮ ಕರಾವಳಿಯಲ್ಲಿ ಇದರ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಅಮೆರಿಕದಲ್ಲಿ ಇಂದಿಗೂ ಬಿಳಿಯ ಆಯತಾಕಾರದ ಹಲಗೆಯ ಮೇಲೆ ‘ಸ್ಪೀಡ್ ಲಿಮಿಟ್’ ಎಂಬ ಪದಗಳ ಜೊತೆಗೆ ಸಂಖ್ಯೆಯನ್ನು ಬರೆಯುತ್ತಾರೆ.

ಸಂಖ್ಯೆಯ ಹಿಂದಿನ ಲೆಕ್ಕವೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ರಸ್ತೆ ವಿನ್ಯಾಸಗಾರರು ಮೊದಲು ಕೇಳುವ ಪ್ರಶ್ನೆ, ಎದುರಿಗೆ ಅಡ್ಡಿ ಕಂಡಾಗ ವಾಹನ ನಿಲ್ಲಲು ಎಷ್ಟು ದೂರ ಬೇಕು ಎಂಬುದು. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರೋಡ್ಸ್ ಕಾಂಗ್ರೆಸ್‌ನ ಪ್ರಕಾರ, ಚಾಲಕ ನೋಡಿ ಬ್ರೇಕ್ ಒತ್ತಲು ಎರಡೂವರೆ ಸೆಕೆಂಡು ಹಿಡಿಯುತ್ತದೆಂದು ಇಟ್ಟುಕೊಂಡು, 50 ಕಿಲೋಮೀಟರ್ ವೇಗಕ್ಕೆ 60 ಮೀಟರ್, 80ಕ್ಕೆ 120 ಮೀಟರ್, 100ಕ್ಕೆ 180 ಮೀಟರ್ ದೂರ ಕಾಣುವಂತಿರಬೇಕು. 80ರಲ್ಲಿ ಹೋಗುವ ಕಾರು, ಕಾಲು ಬ್ರೇಕಿಗೆ ತಾಗುವುದರೊಳಗೆ ಸುಮಾರು 55 ಮೀಟರ್ ಮುಂದೆ ಹೋಗಿರುತ್ತದೆ. ತಿರುವಿನಿಂದಲೋ ಏರಿನಿಂದಲೋ ಅಷ್ಟು ದೂರ ಕಾಣದ ಕಡೆ, ಅಥವಾ ಶಾಲೆ, ಪೇಟೆ, ಅಡ್ಡರಸ್ತೆ ಇರುವ ಕಡೆ ಸಂಖ್ಯೆ ಇಳಿಯುತ್ತದೆ. ಜೂನ್ ತಿಂಗಳ ಮಳೆಯಲ್ಲಿ ರಸ್ತೆ ಜಾರುವಾಗ ನಿಲ್ಲುವ ದೂರ ಇನ್ನೂ ಹೆಚ್ಚುತ್ತದೆ. ಆದ್ದರಿಂದ ಪಡುಬಿದ್ರಿಯಲ್ಲಿ ಮಳೆ ಧೋ ಎಂದು ಸುರಿಯುತ್ತಿರುವಾಗ ಫಲಕದಲ್ಲಿ 80 ಇದೆ ಎಂದು 80ರಲ್ಲಿಯೇ ಓಡಿಸುವುದು ಸರಿಯಲ್ಲ. ಪರಿಸ್ಥಿತಿಗೆ ಮೀರಿದ ವೇಗ 184ನೆಯ ಕಲಮಿನ ಪ್ರಕಾರ ಅಪಾಯಕಾರಿ ಚಾಲನೆಯೂ ಆಗಬಹುದು.

ಇನ್ನೊಂದು ಮಾತನ್ನೂ ಹೇಳಬೇಕು. ಕಾಮಗಾರಿಗೆಂದು 30ರ ಫಲಕ ನೆಟ್ಟು, ಕೆಲಸ ಮುಗಿದ ಮೇಲೂ ಹಾಗೆಯೇ ಬಿಟ್ಟುಬಿಡುವುದನ್ನು ನಾನು ನೋಡುತ್ತಿರುತ್ತೇನೆ. ಒಂದು ತಿಂಗಳಿಗಿಂತ ಹೆಚ್ಚು ಕಾಲ ಇರದ ನಿರ್ಬಂಧಕ್ಕೆ ರಾಜ್ಯಪತ್ರದ ಅಧಿಸೂಚನೆ ಬೇಡವೆಂದು 112ನೆಯ ಕಲಂ ಸಡಿಲಿಕೆ ಕೊಟ್ಟಿದೆ. ಆ ಸಡಿಲಿಕೆ ತಾತ್ಕಾಲಿಕ ಕೆಲಸಕ್ಕಾಗಿ ಇದೆಯೇ ಹೊರತು ಮರೆತುಹೋದ ಫಲಕಕ್ಕಾಗಿ ಅಲ್ಲ. ಕಾರಣವಿಲ್ಲದ ಒಂದು ಫಲಕ, ಕಾರಣವಿರುವ ಹತ್ತು ಫಲಕಗಳ ಮೇಲಿನ ನಂಬಿಕೆಯನ್ನು ಕೆಡಿಸುತ್ತದೆ. ಮಳೆಗಾಲದಲ್ಲಿ ಬಳ್ಳಿ ಹಬ್ಬಿ ಮುಚ್ಚಿಹೋದ ಫಲಕವೂ ಅಷ್ಟೇ ಅಪಾಯಕಾರಿ. ಇಂಥವು ರಾಷ್ಟ್ರೀಯ ಹೆದ್ದಾರಿಯಲ್ಲಿ ಕಂಡರೆ ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ 1033ಕ್ಕೆ ಕರೆ ಮಾಡಿ ಸ್ಥಳವನ್ನು ಹೇಳಬಹುದು. ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆಗೆ, ಮಂಗಳೂರು ನಗರದೊಳಗಿನ ರಸ್ತೆಯಾದರೆ ಮಹಾನಗರ ಪಾಲಿಕೆಗೆ ಬರೆದು ತಿಳಿಸಬಹುದು.