ಎತ್ತರ ಕಡಿಮೆ ಅಂತ ಫಾರ್ವರ್ಡ್ ಜಾಗ ಬಿಡಿಸಬೇಡಿ

ಸರ್, ಹಾಸನದಲ್ಲಿ ಫುಟ್‌ಬಾಲ್ ಆಡುತ್ತಿರುವ ನಿಮ್ಮ 15 ವರ್ಷದ ಮಗ ಕುಳ್ಳಗಿದ್ದಾನೆ, ಸ್ಟ್ರೈಕರ್ (ಮುಂದೆ ನಿಂತು ಗೋಲು ಹೊಡೆಯುವ ಫಾರ್ವರ್ಡ್ ಆಟಗಾರ) ಆಗಲು ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತೆ. ಭಾರತ ತಂಡದ ನಾಯಕರಾಗಿದ್ದ ಸ್ಟ್ರೈಕರ್ ಸುನಿಲ್ ಛೆಟ್ರಿ ಎತ್ತರ ಸುಮಾರು 170 ಸೆಂಟಿಮೀಟರ್ ಅಷ್ಟೇ. ಆದರೂ ಅವರು ತಲೆಯಿಂದ ಹೊಡೆದ ಗೋಲುಗಳು ಎಷ್ಟೊಂದು! ಚೆಂಡು ಬರುವ ಮೊದಲೇ ಡಿಫೆಂಡರ್ ಕಣ್ಣು ತಪ್ಪಿಸಿ ಜಾಗ ಹಿಡಿಯುತ್ತಾರೆ, ಸರಿಯಾದ ಕ್ಷಣಕ್ಕೆ ಜಿಗಿಯುತ್ತಾರೆ. ಇದು ಅಭ್ಯಾಸದಿಂದ ಬರುವ ವಿದ್ಯೆ. ಮಗನಿಗೆ ಅವರ ಪಂದ್ಯ ತೋರಿಸುವಾಗ ಗೋಲನ್ನಲ್ಲ, ಅದಕ್ಕೂ ಮುಂಚಿನ ಓಟವನ್ನು ನೋಡಲು ಹೇಳಿ.

ಅವರ ದಾರಿಯೂ ನೇರವಾಗಿರಲಿಲ್ಲ. 2002ರಲ್ಲಿ ಕೋಲ್ಕತ್ತಾದ ಮೋಹನ್ ಬಗಾನ್ ಕ್ಲಬ್ ಸೇರಿದರು. 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿ ತಂಡಕ್ಕೆ, 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಬಿ ತಂಡಕ್ಕೆ ಹೋದರು. ಎರಡೂ ಕಡೆ ಆಡುವ ಅವಕಾಶ ತೀರಾ ಕಡಿಮೆ ಸಿಕ್ಕಿತು. ವಾಪಸ್ ಬಂದು 2013ರಲ್ಲಿ ಬೆಂಗಳೂರು ಎಫ್‌ಸಿ ಸೇರಿ, ಮೊದಲ ವರ್ಷವೇ ಆಗ ದೇಶದ ಪ್ರಮುಖ ಕ್ಲಬ್ ಟೂರ್ನಿಯಾಗಿದ್ದ ಐ-ಲೀಗ್ ಗೆದ್ದರು. ದೇಶಕ್ಕಾಗಿ 90ಕ್ಕೂ ಜಾಸ್ತಿ ಗೋಲು ಹೊಡೆದಿದ್ದಾರೆ. 2023ರಲ್ಲಿ ಕಂಠೀರವದಲ್ಲಿ ಪಾಕಿಸ್ತಾನದ ವಿರುದ್ಧ ಹ್ಯಾಟ್ರಿಕ್ (ಒಂದೇ ಪಂದ್ಯದಲ್ಲಿ ಮೂರು ಗೋಲು) ಹೊಡೆದಾಗ ಅವರಿಗೆ 38 ವರ್ಷ!

ಒಂದು ಕಷ್ಟ ನಿಜ. ನಮ್ಮ ಜಿಲ್ಲೆಯಲ್ಲಿ ಇದ್ದುಕೊಂಡೇ ವೃತ್ತಿಪರ ಆಟಗಾರ ಆಗೋದು ಸುಲಭವಲ್ಲ, ಅಲ್ವಾ? ಬೆಂಗಳೂರಿನಲ್ಲಿ ನಡೆಯುವ ತಂಡಗಳ ಆಯ್ಕೆ ಪರೀಕ್ಷೆಗಳಿಗೆ ಕರೆದುಕೊಂಡು ಹೋಗಿ. ದುಡ್ಡು ಮೊದಲೇ ಕೇಳಿ ಜಾಗ ಖಾತ್ರಿ ಅನ್ನುವವರನ್ನು ನಂಬಬೇಡಿ. ಓದು ಬಿಡಿಸಬೇಡಿ. ಸದ್ಯಕ್ಕೆ ಎಡಗಾಲಲ್ಲೂ ಗುರಿಯಿಟ್ಟು ಹೊಡೆಯೋದನ್ನು ದಿನಾ ಮಾಡಿಸಿ.