ಪಿಟೀಲಿಲ್ಲದ ಜಾನಪದ

ಅಬ್ಬರದ ಗಿಟಾರಿನ ಮೆಟಲ್ ಸಂಗೀತ ನುಡಿಸುವ ಫಿನ್ಲೆಂಡಿನ ಅಮೋರ್ಫಿಸ್ ತಂಡದ 'ಟೇಲ್ಸ್ ಫ್ರಮ್ ದ ಥೌಸಂಡ್ ಲೇಕ್ಸ್' ಆಲ್ಬಮ್ಮನ್ನು ಜಾನಪದ ಅಂತ ನಾವು ಮೆಚ್ಚಿ ಬರೆದದ್ದು ನಿಮಗೆ ಹಿಡಿಸಿಲ್ಲ. "ಪಿಟೀಲಿಲ್ಲ, ಕೊಳಲಿಲ್ಲ. ಇರುವುದು ಗಿಟಾರ್ ಮತ್ತು ಗಂಟಲು ಹರಿಯುವ ಕೂಗು. ಹಳೇ ಕಥೆ ಹಾಡಿದ ಮಾತ್ರಕ್ಕೆ ಜಾನಪದ ಆಗಿಬಿಡುತ್ತಾ?" ಅಂತ ಪತ್ರದಲ್ಲಿ ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆಯೇ.

ಬರೀ ಕಥೆಯಿಂದ ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ವಾದ್ಯದಿಂದಲೂ ಆಗುವುದಿಲ್ಲ. ಒಂದು ಕೊಳಲು ಸೇರಿಸಿ, ಉಳಿದದ್ದೆಲ್ಲ ಮಾಮೂಲಿ ಮೆಟಲ್ ನುಡಿಸುವ ಆಲ್ಬಮ್‌ಗಳು ಬೇಕಾದಷ್ಟಿವೆ. 1994ರಲ್ಲಿ ಬಂದ ಈ ಆಲ್ಬಮ್‌ನಲ್ಲಿ ಜಾನಪದ ಇರುವುದು ರಾಗದಲ್ಲಿ. ಇದರ ಸಾಹಿತ್ಯ ಬಂದದ್ದು ಕಾಲೆವಾಲಾದಿಂದ; ಅದು ಹಳೆಯ ಜನಪದ ಹಾಡುಗಳಿಂದ ಕಟ್ಟಿದ ಫಿನ್ಲೆಂಡಿನ ಮಹಾಕಾವ್ಯ. ಆ ಪದಗಳನ್ನು ಹಿಂದೆ ಹಾಡುತ್ತಿದ್ದ ರೀತಿ ನೋಡಿ. ಸಾಲಿಗೆ ಎಂಟು ಅಕ್ಷರ. ರಾಗಕ್ಕೆ ಹೆಚ್ಚೆಂದರೆ ಐದಾರು ಸ್ವರ. ಅದೇ ಚಿಕ್ಕ ರಾಗ ಮತ್ತೆ ಮತ್ತೆ, ಕಥೆ ಮುಗಿಯುವ ತನಕ. ಈಗ ಎಸಾ ಹೋಲೋಪಾಯ್ನೆನ್ ಅವರ ಲೀಡ್ ಗಿಟಾರ್ ಕೇಳಿ. ವೇಗ ತೋರಿಸುವ ಹಟ ಅಲ್ಲಿಲ್ಲ. ಒಂದು ಸಲ ಕೇಳಿದರೆ ಗುನುಗಬಹುದಾದ ಚಿಕ್ಕ ರಾಗ, ಸುತ್ತಿ ಸುತ್ತಿ ಬರುತ್ತದೆ.

ಇನ್ನು ಕೂಗಿನ ಮಾತು. 'ಬ್ಲಾಕ್ ವಿಂಟರ್ ಡೇ' ಹಾಡಿನ ಸಾಲುಗಳು ಕಾಲೆವಾಲಾದಲ್ಲಿ ತವರು ಬಿಟ್ಟು ಹೊರಟ ಮದುಮಗಳದ್ದು. ಸುಖವಾಗಿರುವವರ ಮನಸ್ಸು ವಸಂತದ ಬೆಳಗಿನ ಹಾಗೆ, ನನ್ನದು ಚಳಿಗಾಲದ ಕಪ್ಪು ಹಗಲಿನ ಹಾಗೆ ಅನ್ನುತ್ತಾಳೆ. ಅದನ್ನು ತೋಮಿ ಕೋಯಿವುಸಾರಿ ಗ್ರೌಲ್‌ನಲ್ಲಿ, ಅಂದರೆ ಗಂಟಲಾಳದಿಂದ ಗುರುಗುಟ್ಟುವ ದನಿಯಲ್ಲಿ ಹಾಡುತ್ತಾರೆ. ಹುಡುಗಿಯ ಅಳಲಿಗೆ ಈ ದನಿಯಾ ಅಂತ ನಿಮಗನ್ನಿಸಿರಬೇಕು. ನನಗೆ ಅದೇ ಸರಿಯಾದ ದನಿ. ಇಂಪಾಗಿ ಹಾಡಿದ್ದರೆ ಅದು ಸುಮ್ನೆ ಚಂದದ ದುಃಖ ಆಗುತ್ತಿತ್ತು. 'ಡ್ರೌನ್ಡ್ ಮೇಡ್' ಹಾಡಂತೂ ನೀರುಪಾಲಾದ ಐನೋ ಕಥೆ. ಕಾಲೆವಾಲಾದ ನಾಯಕ, ಮುದುಕ ವೈನಾಮೋಯ್ನೆನ್‌ನನ್ನು ಮದುವೆಯಾಗಲು ಒಲ್ಲದೆ ನೀರಿಗೆ ಹೋದವಳು. ಈ ನೀರೆಲ್ಲ ನನ್ನ ರಕ್ತ, ಮೀನೆಲ್ಲ ನನ್ನ ಮಾಂಸ ಅನ್ನುತ್ತದೆ ಅವಳ ಪದ. ಇಷ್ಟು ಉರಿಯುವ ಮಾತನ್ನು ಮೆಲ್ಲಗೆ ಹೇಳುವುದು ಹೇಗೆ?

ಆದರೂ ಈ ದನಿ ಎಲ್ಲರಿಗೂ ಒಗ್ಗುವುದಿಲ್ಲ ಅಲ್ವಾ. ಹಾಗಿದ್ದರೆ 1996ರ 'ಎಲೆಜಿ'ಯಿಂದ ಶುರು ಮಾಡಿ. ಗಾಯಕ ಪಾಸಿ ಕೋಸ್ಕಿನೆನ್ ತಂಡಕ್ಕೆ ಬಂದ ಮೇಲೆ ಅದರಲ್ಲಿ ಸಾದಾ ಹಾಡುಗಾರಿಕೆ ಜಾಸ್ತಿ. ಸಾಹಿತ್ಯ ಎಲಿಯಾಸ್ ಲೋನ್ರೋಟ್ ಸಂಗ್ರಹಿಸಿದ 'ಕಾಂತೆಲೆತಾರ್' ಅನ್ನುವ ಜನಪದ ಗೀತೆಗಳ ಸಂಕಲನದ್ದು. ಅದರಲ್ಲಿ 'ಮೈ ಕಾಂತೆಲೆ' ಅನ್ನುವ ಹಾಡಿದೆ. ಕಾಂತೆಲೆ ಅಂದರೆ ಅಲ್ಲಿನ ತಂತಿವಾದ್ಯ. ವೈನಾಮೋಯ್ನೆನ್ ಅದನ್ನು ದೊಡ್ಡ ಮೀನಿನ ಮೂಳೆಯಿಂದ ಮಾಡಿದ ಅಂತ ಕಾಲೆವಾಲಾ ಹೇಳುತ್ತದೆ. ಈ ಹಾಡು ಅದೆಲ್ಲ ಸುಳ್ಳು ಅನ್ನುತ್ತದೆ: ವಾದ್ಯದ ಒಡಲು ಕಷ್ಟದ ದಿನಗಳದ್ದು, ತಂತಿ ಸಂಕಟದ್ದು. ಆಲ್ಬಮ್‌ನ ಕೊನೆಯಲ್ಲಿ ಇದೇ ಹಾಡು ಅಬ್ಬರವಿಲ್ಲದೆ ಅಕೂಸ್ಟಿಕ್ ರೂಪದಲ್ಲೂ ಇದೆ. ಮೊದಲು ಅದನ್ನೇ ಕೇಳಿ, ಆಮೇಲೆ ಗಿಟಾರ್ ತುಂಬಿದ್ದನ್ನು ಕೇಳಿ. ರಾಗ ಎರಡರಲ್ಲೂ ಒಂದೇ. ಆಮೇಲೂ ಜಾನಪದ ಕಾಣದಿದ್ದರೆ ಮತ್ತೆ ಬರೆಯಿರಿ, ಖಂಡಿತ ಪ್ರಕಟಿಸುತ್ತೇವೆ.

– ಸಂಪಾದಕ