ಸಂಪಾದಕರ ಉತ್ತರ: ಸಾಣೆಗೆ ಕೊಟ್ಟ ಗೋಲಿ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಹಳೆಯ ವಸ್ತುಗಳ ಆರೈಕೆ ಕುರಿತು ಬರೆಯುತ್ತಾ, ಪುರಾತನ ಗಾಜಿನ ಗೋಲಿಗಳಿಗೆ ಪಾಲಿಶ್ ಮಾಡಿಸಲೇಬಾರದು ಎಂದಿದ್ದೀರಿ. ಒಪ್ಪಲು ಆಗುತ್ತಿಲ್ಲ. ನಾನು ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ನಗರದಲ್ಲಿದ್ದೇನೆ. ನೆರೆಮನೆಯ ಹಿರಿಯರು ತೀರಿಕೊಂಡ ಮೇಲೆ ಅವರ ಸಾಮಾನುಗಳನ್ನು ಮಾರಾಟಕ್ಕೆ ಇಟ್ಟಿದ್ದರು. ಅಲ್ಲಿ ತಗಡಿನ ಡಬ್ಬಿಯೊಂದರ ತುಂಬ ಗೋಲಿಗಳನ್ನು ಕೊಂಡೆ. ಒಂದರ ಒಳಗೆ ಬಣ್ಣದ ಎಳೆಗಳು ಸುತ್ತಿಕೊಂಡಿದ್ದವು, ಆದರೆ ಮೈಯೆಲ್ಲ ಮಂಜು ಕವಿದಂತಿತ್ತು. ಪಾಲಿಶ್ ಮಾಡಿಸಿದೆ. ಈಗ ನನ್ನ ಮಗಳು ಅದನ್ನು ದಿನವೂ ಬೆಳಕಿಗೆ ಹಿಡಿದು ನೋಡುತ್ತಾಳೆ. ಸಂಗ್ರಾಹಕ ಮಿತ್ರರೊಬ್ಬರು ಮಾತ್ರ ‘ಕೊಂದುಬಿಟ್ಟೆಯಲ್ಲ’ ಎಂದು ಮುಖ ತಿರುಗಿಸಿದರು. ಪಾಳುಬಿದ್ದ ಗುಡಿಗೆ ಜೀರ್ಣೋದ್ಧಾರ ಮಾಡುವುದು ನಮ್ಮ ಪರಂಪರೆಯಲ್ಲವೇ? ಗೋಲಿಗೆ ಏಕೆ ಕೂಡದು? ಡಬ್ಬಿಯಲ್ಲಿ ಇನ್ನೊಂದು ಕಪ್ಪು ಗೋಲಿಯಿದೆ. ಮೇಲೆ ಬಣ್ಣದ ಪಟ್ಟೆಗಳು, ಒಂದೆರಡು ಕಡೆ ಚಕ್ಕೆ ಎದ್ದಿದೆ. ಅದನ್ನೂ ಕೊಡಲೇ? (ಹೆಸರು ಪ್ರಕಟಿಸಬೇಡಿ.)

ಪ್ರಿಯ ಓದುಗರೇ,

ಮೊದಲು ಕೊನೆಯ ಪ್ರಶ್ನೆಗೆ ಉತ್ತರ: ಕಪ್ಪು ಗೋಲಿಯನ್ನು ದಯವಿಟ್ಟು ಯಾರಿಗೂ ಕೊಡಬೇಡಿ. ನಿಮ್ಮ ಪತ್ರ ಓದಿದ ತಕ್ಷಣ ಈ ಒಂದು ಸಾಲನ್ನಾದರೂ ತಲುಪಿಸಬೇಕು ಎನಿಸಿ ಅಂದೇ ಮಿಂಚಂಚೆ ಕಳುಹಿಸಿದ್ದೆ. ಕಾರಣಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಳೆಗಳು ಸುತ್ತಿಕೊಂಡ ನಿಮ್ಮ ಮೊದಲ ಗೋಲಿ ಜರ್ಮನಿಯದು ಎಂಬುದು ನೀವು ಕಳುಹಿಸಿದ ಹಳೆಯ ಚಿತ್ರದಿಂದ ತಿಳಿಯುತ್ತದೆ. ಥುರಿಂಗಿಯಾದ ಕಾಡುಬೆಟ್ಟಗಳ ನಡುವೆ ಲೌಶಾ ಎಂಬ ಊರಿದೆ. 1597ರಲ್ಲಿ ಅಲ್ಲಿ ಗಾಜಿನ ಕುಲುಮೆ ಆರಂಭವಾಯಿತು. 1840ರ ದಶಕದಲ್ಲಿ ಅಲ್ಲಿನ ಕುಶಲಕರ್ಮಿಗಳು ಗೋಲಿಗೆಂದೇ ಒಂದು ಕತ್ತರಿಯನ್ನು ರೂಪಿಸಿದರು. ಕತ್ತರಿಯ ಒಂದು ತೋಳಿಗೆ ಪುಟ್ಟ ಬಟ್ಟಲು, ಇನ್ನೊಂದಕ್ಕೆ ಅಲಗು. ಕಾದ ಗಾಜಿನ ಉಂಡೆಗೆ ಬಿಳಿ ಎಳೆ, ಬಣ್ಣದ ಎಳೆಗಳನ್ನು ಅಂಟಿಸಿ, ಅವುಗಳ ಮೇಲೆ ತಿಳಿಗಾಜು ಹೊದಿಸಿ, ಎಳೆದು ತಿರುಚಿ ಉದ್ದನೆಯ ಕೋಲು ಮಾಡುತ್ತಿದ್ದರು. ಅದರ ಮೆತ್ತನೆಯ ತುದಿಯನ್ನು ಬಟ್ಟಲಿನಲ್ಲಿಟ್ಟು ತಿರುಗಿಸಿದರೆ ಗುಂಡಾಗುತ್ತದೆ. ಅಲಗನ್ನು ಒತ್ತಿದರೆ ಕೋಲಿನಿಂದ ಬೇರೆಯಾಗುತ್ತದೆ. ಹೀಗೆ ಬೇರೆಯಾದ ಕಡೆ ಒರಟು ಕಲೆಯೊಂದು ಉಳಿಯುತ್ತದೆ. ಎರಡು ತುದಿಗೂ ಒಂದೊಂದು. ಸಂಗ್ರಾಹಕರು ಅದನ್ನು ಪಾಂಟಿಲ್ ಎನ್ನುತ್ತಾರೆ. ನಾನು ಹೊಕ್ಕುಳು ಎನ್ನುತ್ತೇನೆ. ತಾಯಿಕೋಲಿನಿಂದ ಕತ್ತರಿಸಿದ ಗುರುತಿಗೆ ಅದಕ್ಕಿಂತ ಸರಿಯಾದ ಪದ ಕನ್ನಡದಲ್ಲಿ ನನಗೆ ಕಾಣುತ್ತಿಲ್ಲ.

ಈ ಹೊಕ್ಕುಳಿನ ಬೆಲೆ ಇತರರಿಗಿಂತ ನಿಮ್ಮ ಊರಿನವರಿಗೆ ಚೆನ್ನಾಗಿ ಗೊತ್ತಿರಬೇಕು. ಕಾದ ಗಾಜನ್ನು ಉರುಳಿಸಿ ಗೋಲಿ ಮಾಡುವ ಯಂತ್ರಕ್ಕೆ ಮಾರ್ಟಿನ್ ಕ್ರಿಸ್ಟೆನ್ಸನ್ 1905ರಲ್ಲಿ ಪೇಟೆಂಟ್ ಪಡೆದದ್ದು ಆಕ್ರನ್‌ನಲ್ಲಿ. ಗೋಲಿ ತಯಾರಿಸುತ್ತಿದ್ದ ಆಕ್ರೊ ಅಗೇಟ್ ಕಂಪನಿ ಶುರುವಾದದ್ದೂ ಅಲ್ಲೇ, ಬಳಿಕ ಅದು ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್‌ಗೆ ಹೋಯಿತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಸರಕು ನಿಂತಾಗ ಅಮೆರಿಕದ ಮಕ್ಕಳ ಜೇಬು ತುಂಬಿದ್ದು ಇಂಥ ಯಂತ್ರಗಳ ಗೋಲಿಗಳಿಂದ. ಯಂತ್ರದ ಗೋಲಿಗೆ ಹೊಕ್ಕುಳಿಲ್ಲ. ಕೈಯಲ್ಲಿ ಮಾಡಿದ್ದು ಯಾವುದು, ಯಂತ್ರದ್ದು ಯಾವುದು ಎಂದು ತಿಳಿಯಲು ಮೊದಲು ನೋಡುವುದು ಅದನ್ನೇ. ನಿಮ್ಮ ಗೋಲಿಯಲ್ಲಿ ಅದು ಈಗ ಇಲ್ಲ.

ಪಾಲಿಶ್ ಎಂದು ಕರೆಯುವ ಕೆಲಸದ ನಿಜವಾದ ಹೆಸರು ಸಾಣೆ. ತಿರುಗುವ ಬಟ್ಟಲುಗಳ ನಡುವೆ ಗೋಲಿಯನ್ನಿಟ್ಟು ಗಾಜಿಗಿಂತ ಬಹಳ ಗಟ್ಟಿಯಾದ ಸಿಲಿಕಾನ್ ಕಾರ್ಬೈಡ್ ಪುಡಿಯಿಂದ ಅರೆಯುತ್ತಾರೆ. ಪುಡಿಯನ್ನು ಹಂತಹಂತವಾಗಿ ನಯವಾಗಿಸಿ ಕೊನೆಗೆ ಸೀರಿಯಂ ಆಕ್ಸೈಡ್‌ನಿಂದ ಹೊಳಪು ತರುತ್ತಾರೆ. ಇದು ಸುಲಭದ ಕೆಲಸವಲ್ಲ, ಚೆನ್ನಾಗಿ ಮಾಡುವವರ ಕೈಚಳಕವನ್ನು ನಾನು ಗೌರವಿಸುತ್ತೇನೆ. ಆದರೆ ಒಂದು ಗೋಲಿ ಇನ್ನೊಂದಕ್ಕೆ ಬಡಿದಾಗ ಆಗುವ ಗಾಯ ಮೇಲ್ಮೈಯಲ್ಲೇ ನಿಲ್ಲುವುದಿಲ್ಲ. ಅರ್ಧಚಂದ್ರಾಕಾರದ ಬಿರುಕು ಒಳಗಿಳಿಯುತ್ತದೆ. ಅದು ಕಾಣದಂತೆ ಮಾಡಬೇಕಾದರೆ ಅದರ ಆಳದವರೆಗೂ, ಸುತ್ತಲೂ ಸಮನಾಗಿ ಅರೆಯಬೇಕು. 20 ಮಿಲಿಮೀಟರ್ ವ್ಯಾಸದ ಗೋಲಿಯ ಮೈಯಿಂದ ಸುತ್ತಲೂ ಅರ್ಧ ಮಿಲಿಮೀಟರ್ ತೆಗೆದರೆ 19 ಉಳಿಯುತ್ತದೆ. ಕೇಳಲು ಅಲ್ಪ. ಲೆಕ್ಕ ಹಾಕಿ ನೋಡಿ, ಗಾಜಿನ ನೂರಕ್ಕೆ 14 ಪಾಲು ಕೆಸರಾಗಿ ಹರಿದುಹೋಗಿರುತ್ತದೆ.

ಈಗ ಜೀರ್ಣೋದ್ಧಾರದ ಮಾತು. ಇದು ನಿಮ್ಮ ಪತ್ರದ ತಿರುಳು, ಇದನ್ನು ಹಗುರವಾಗಿ ತಳ್ಳಿಹಾಕಲಾರೆ. ನಮ್ಮ ಅಡುಗೆಮನೆಗಳ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತಿದ್ದೆವು. ಸವೆದಂತೆಲ್ಲ ಮತ್ತೆ ತವರದ ಹೊದಿಕೆ. ಪಾತ್ರೆ ತನ್ನದೇನನ್ನೂ ಬಿಟ್ಟುಕೊಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅಜ್ಜಿಯ ತವರಿನಿಂದ ಬಂದ ಒಂದು ಹಿತ್ತಾಳೆ ಕೊಡವಿತ್ತು. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊಟ್ಟವರ ಹೆಸರು, ಊರು, ಮದುವೆಯ ವರ್ಷವನ್ನು ಕೆತ್ತಿದ್ದರು. ಅಜ್ಜಿ ತೀರಿಕೊಂಡ ಮೇಲೆ ಅದನ್ನು ಹೊಳೆಯುವಂತೆ ಮಾಡಿಸಬೇಕೆಂದು ಒಂದು ಅಂಗಡಿಗೆ ಕೊಟ್ಟೆ. ಚಿನ್ನದಂತೆ ಮಿರುಗುತ್ತಾ ಹಿಂತಿರುಗಿತು. ಅಕ್ಷರಗಳು ಇರಲಿಲ್ಲ. ಯಂತ್ರದ ಚಕ್ರಕ್ಕೆ ಒಡ್ಡಿದವನು ಅವನ್ನು ಗೀರುಗಳೆಂದು ತಿಳಿದಿದ್ದ. ಬೆರಳಾಡಿಸಿದರೆ ಎಲ್ಲೋ ಒಂದೆರಡು ಚುಕ್ಕಿ ಸಿಕ್ಕಿದಂತಾಗುತ್ತದೆ, ಅಷ್ಟೇ. ಕಲಾಯಿ ಮತ್ತು ಸಾಣೆಯ ನಡುವಿನ ವ್ಯತ್ಯಾಸ ನನಗೆ ಅರ್ಥವಾದದ್ದು ಆ ದಿನ. ಗುಡಿಗಳಲ್ಲೂ ಹೀಗೆಯೇ. ಸೋರುವ ಮಾಡನ್ನು ಸರಿಪಡಿಸುವುದು, ಜಾರಿದ ಕಲ್ಲನ್ನು ಮತ್ತೆ ಕೂರಿಸುವುದು ಉದ್ಧಾರ. ಗೋಡೆಯ ಶಾಸನವನ್ನು ಉಜ್ಜಿ ನುಣುಪು ಮಾಡುವುದನ್ನು ನೀವೂ ಜೀರ್ಣೋದ್ಧಾರ ಎನ್ನಲಾರಿರಿ.

ಗಾಜಿನ ದುರಸ್ತಿಯಲ್ಲಿ ನಾನು ಮತ್ತೆ ಮತ್ತೆ ನೆನೆಯುವುದು ಬ್ರಿಟಿಷ್ ಮ್ಯೂಸಿಯಂನ ಪೋರ್ಟ್‌ಲ್ಯಾಂಡ್ ಹೂದಾನಿಯನ್ನು. ಕಡುನೀಲಿ ಗಾಜಿನ ಮೇಲೆ ಬಿಳಿ ಗಾಜಿನ ಚಿತ್ರಗಳನ್ನು ಕೆತ್ತಿದ ರೋಮನ್ ಕಾಲದ ಪಾತ್ರೆ ಅದು. 1845ರ ಫೆಬ್ರುವರಿ 7ರಂದು ಒಬ್ಬ ಯುವಕ ಕುಡಿದ ಮತ್ತಿನಲ್ಲಿ ಅದನ್ನು ಚೂರುಚೂರು ಮಾಡಿದ. ಮ್ಯೂಸಿಯಂನ ದುರಸ್ತಿಗಾರ ಜಾನ್ ಡಬಲ್‌ಡೇ ಅದೇ ವರ್ಷ ಜೋಡಿಸಿದರು. ಆದರೆ 37 ಸಣ್ಣ ಚೂರುಗಳಿಗೆ ಜಾಗ ಸಿಗದೆ ಹೊರಗುಳಿದವು. ಒಂದು ಶತಮಾನ ಕಳೆದು, 1948ರಲ್ಲಿ ಹಳೆಯ ಅಂಟನ್ನು ಬಿಡಿಸಿ ಮತ್ತೆ ಜೋಡಿಸುವ ಕೆಲಸ ಶುರುವಾಯಿತು. ಆ ಅಂಟೂ ಹಳೆಯದಾದಾಗ 1988-89ರಲ್ಲಿ ನೈಜೆಲ್ ವಿಲಿಯಮ್ಸ್ ಮತ್ತು ಸಾಂಡ್ರಾ ಸ್ಮಿತ್ ಮೂರನೆಯ ಬಾರಿ ಬಿಡಿಸಿ ಕೂಡಿಸಿದರು. ಹೀಗೆ ಮೂರು ತಲೆಮಾರುಗಳಿಗೆ ಅವಕಾಶ ಸಿಕ್ಕಿದ್ದಕ್ಕೆ ಕಾರಣ, ಮೊದಲು ಕೈಹಾಕಿದ ಡಬಲ್‌ಡೇ ಅಂಚುಗಳನ್ನು ಅರೆದು ಕೂಡಿಸಲು ಹೋಗದೆ ಅಂಟಿನಿಂದ ಕೂಡಿಸಿದ್ದು. ಅವರ ಕೆಲಸವನ್ನು ಬಿಡಿಸಲು ಸಾಧ್ಯವಿತ್ತು. ಸಾಣೆಯನ್ನು ಯಾರೂ ಬಿಡಿಸಲಾರರು.

ಪಾಲಿಶ್ ಮಾಡಿಸಬಹುದು ಎನ್ನುವವರ ವಾದವನ್ನು ಕಳೆದ ಸಂಚಿಕೆಯಲ್ಲಿ ನಾವು ಹೇಳಲೇ ಇಲ್ಲ. ಅದು ತಪ್ಪು. ಜರ್ಮನಿಯಲ್ಲಿ ಸಲ್ಫೈಡ್ ಎಂಬ ದೊಡ್ಡ ಗೋಲಿಗಳನ್ನೂ ಮಾಡುತ್ತಿದ್ದರು. ತಿಳಿಗಾಜಿನ ನಡುವೆ ಜೇಡಿಯ ಪುಟ್ಟ ಬೊಂಬೆ: ಕುರಿ, ನಾಯಿ, ಹಕ್ಕಿ. ಬೊಂಬೆಯ ಸುತ್ತ ಸಿಕ್ಕಿಕೊಂಡ ಗಾಳಿಯ ತೆಳು ಪದರದಿಂದಾಗಿ ಅದು ಬೆಳ್ಳಿಯಂತೆ ಮಿನುಗುತ್ತದೆ. ಮಕ್ಕಳು ಆಡಿ ಆಡಿ ಮೈ ತರಚಿದ ಸಲ್ಫೈಡ್ ಗೋಲಿಯಲ್ಲಿ ಆ ಕುರಿ ಕಾಣುವುದೇ ಇಲ್ಲ. ಹೊರಗಿನ ಒಂದು ಪದರ ಹೋದರೂ ಚಿಂತೆಯಿಲ್ಲ, ಒಳಗಿರುವ ಬೊಂಬೆ ಕಾಣಲಿ ಎನ್ನುವವರ ಮಾತಿನಲ್ಲಿ ಹುರುಳಿದೆ. ನಿಮ್ಮ ಎಳೆಗೋಲಿಯೂ ಇದೇ ಗುಂಪಿಗೆ ಸೇರಿದ್ದು. ಚಿತ್ತಾರವೆಲ್ಲ ತಿಳಿಗಾಜಿನ ಒಳಗೆ ಸುರಕ್ಷಿತವಾಗಿದೆ. ನೀವು ಅದನ್ನು ಕೊಂದಿಲ್ಲ. ನಿಮ್ಮ ಮಿತ್ರರು ಆಡಿದ್ದು ಕಠಿಣವಾಯಿತು. ಹೊಕ್ಕುಳು ಹೋಯಿತು, ಕುಲುಮೆಯಿಂದ ಬಂದ ಮೂಲ ಮೈ ಹೋಯಿತು, ಅಳತೆ ಇಳಿಯಿತು, ಅದರೊಂದಿಗೆ ಮಾರುಕಟ್ಟೆಯ ಬೆಲೆಯೂ ಗಣನೀಯವಾಗಿ ಇಳಿಯಿತು. ನಿಮ್ಮ ಮಗಳು ಕಾಣುವ ಬಣ್ಣ ಮಾತ್ರ ಲೌಶಾದವರು ಇಟ್ಟ ಬಣ್ಣವೇ.

ಕಪ್ಪು ಗೋಲಿಯ ಸ್ಥಿತಿ ತದ್ವಿರುದ್ಧ. ಸಂಗ್ರಾಹಕರು ಅದನ್ನು ‘ಇಂಡಿಯನ್’ ಎಂದು ಕರೆಯುತ್ತಾರೆ. ಅದರ ಪಟ್ಟೆಗಳು ಇರುವುದು ಮೇಲ್ಮೈಯಲ್ಲೇ, ಮೇಲೆ ಕಾಯುವ ತಿಳಿಗಾಜಿನ ಹೊದಿಕೆಯಿಲ್ಲ. ಸಾಣೆಗೆ ಒಡ್ಡಿದರೆ ಚಕ್ಕೆಯ ಗುರುತು ಮಾಯವಾಗುವ ಮುನ್ನ ಬಣ್ಣವೇ ತೆಳುವಾಗುತ್ತದೆ, ಕೆಲವೆಡೆ ಪೂರ್ತಿ ಹೋಗುತ್ತದೆ. ಉಳಿಯುವುದು ಹೊಳೆಯುವ ಕಪ್ಪು ಗುಂಡು. ಚಕ್ಕೆ ಎದ್ದ ಕುಳಿಗಳು ನಿಮ್ಮ ಕಣ್ಣಿಗೆ ತೀರಾ ಚುಚ್ಚುತ್ತಿದ್ದರೆ, ವಸ್ತುಸಂಗ್ರಹಾಲಯಗಳ ತಜ್ಞರು ಬಳಸುವ ರಾಳದಿಂದ ತುಂಬಿಸುವ ದಾರಿಯಿದೆ. ಪ್ಯಾರಾಲಾಯ್ಡ್ ಬಿ-72 ಎಂಬ ರಾಳ ಅಸಿಟೋನಿನಲ್ಲಿ ಕರಗುತ್ತದೆ, ಬೇಡವೆನಿಸಿದ ದಿನ ತೆಗೆಯಬಹುದು. ನನ್ನನ್ನು ಕೇಳಿದರೆ ಅದೂ ಬೇಡ. ಯಾವುದೋ ಮಗು ಗುರಿಯಿಟ್ಟು ಹೊಡೆದ ಗುರುತು ಅದು. ಗೋಲಿ ಮಾಡಿದ್ದೇ ಹಾಗೆ ಹೊಡೆಯಲೆಂದು.

ಇನ್ನು ಮುಂದೆ ಹಳೆಯ ಗೋಲಿ ಕೊಳ್ಳುವಾಗ ಒಂದು ಎಚ್ಚರ. ಎಣ್ಣೆ ಸವರಿದರೆ ಸಣ್ಣ ಗೀರುಗಳು ಕಣ್ಮರೆಯಾಗುತ್ತವೆ. ಬೆಳಕು ಗಾಜಿನಲ್ಲಿ ಬಾಗುವಷ್ಟೇ ಹೆಚ್ಚುಕಡಿಮೆ ಎಣ್ಣೆಯಲ್ಲೂ ಬಾಗುವುದರಿಂದ ಗೀರಿನ ಅಂಚು ಕಣ್ಣಿಗೆ ಸಿಗುವುದಿಲ್ಲ. ಮಾರುವವರ ಒಪ್ಪಿಗೆ ಪಡೆದು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಭೂತಗನ್ನಡಿ ಹಿಡಿದು ನೋಡಿ. ಸಾಣೆ ಹಿಡಿದದ್ದನ್ನು ಮೂಲವೆಂದು ಮಾರುವವರೂ ಇದ್ದಾರೆ, ನನಗೆ ನಿಜವಾಗಿ ಕೋಪ ಬರುವುದು ಅವರ ಮೇಲೆ. ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಪಾಲಿಶ್ ಆದ ಗೋಲಿಯ ಜೊತೆ ಒಂದು ಚೀಟಿ ಬರೆದಿಡಿ: ಯಾವ ವರ್ಷ ಮಾಡಿಸಿದ್ದು, ಮೊದಲು ಎಷ್ಟು ಮಿಲಿಮೀಟರ್ ಇತ್ತು, ಈಗ ಎಷ್ಟು. ಹಳೆಯ ಚಿತ್ರವನ್ನೂ ಅದರೊಂದಿಗೆ ಇರಿಸಿ. ನಾಳೆ ಅದು ನಿಮ್ಮ ಮಗಳ ಕೈ ದಾಟಿ ಹೋದಾಗ ಯಾರೂ ಮೋಸಹೋಗಬಾರದು.

ಕಪ್ಪು ಗೋಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ, ಚೂರು ಸೋಪಿನಿಂದ ಕೈಯಲ್ಲೇ ತೊಳೆಯಿರಿ. ಬಿಸಿನೀರು ಬೇಡ, ಬಿರುಕು ಬೆಳೆದೀತು. ಒರೆಸಿ, ಹತ್ತಿಬಟ್ಟೆಯಲ್ಲಿ ಬೇರೆಯಾಗಿ ಸುತ್ತಿಡಿ. ತಗಡಿನ ಡಬ್ಬಿಯೊಳಗೆ ಒಂದಕ್ಕೊಂದು ತಾಗುತ್ತಾ ಇರುವುದರಿಂದಲೂ ಹೊಸ ಗಾಯಗಳಾಗುತ್ತವೆ. ಸುತ್ತಿಡುವ ಮುನ್ನ ಒಮ್ಮೆ ಕತ್ತಲೆ ಕೋಣೆಯಲ್ಲಿ ಬಲವಾದ ಟಾರ್ಚಿನ ಮುಂದೆ ಹಿಡಿಯಿರಿ. ಕಪ್ಪೆಂದು ಕಾಣುವ ಇಂಥ ಕೆಲವು ಗೋಲಿಗಳು ನಿಜಕ್ಕೂ ಕಡುನೇರಳೆಯೋ ಕಡುನೀಲಿಯೋ ಆಗಿರುತ್ತವೆ. ನಿಮ್ಮದು ಯಾವ ಬಣ್ಣ ಎಂದು ಬರೆದು ತಿಳಿಸಿ, ಎರಡು ಹೊಕ್ಕುಳುಗಳ ಚಿತ್ರವನ್ನೂ ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಕಾದಿರಿಸಿದ್ದೇನೆ.

– ಸಂಪಾದಕ